ದುಂಡುಮೂಲೆ ಬಡಗಿಯ ಚಿನ್ನದ ಪೆಟ್ಟಿಗೆ

ಆ ಬೀದಿಯಲ್ಲಿ ಯಾರ ಮನೆಯ ಮೇಜಿಗೆ ಮೊಣಕಾಲು ಬಡಿದರೂ ನೋವಾಗುತ್ತದೆಯೇ ಹೊರತು ಗಾಯವಾಗುವುದಿಲ್ಲ. ಅಲ್ಲಿನ ಮೇಜು, ಮಂಚ, ಕಪಾಟುಗಳನ್ನೆಲ್ಲ ಮಾಡಿದವನು ಒಬ್ಬನೇ ಬಡಗಿ. ಅವನ ಕೈಯಿಂದ ಹೊರಟ ಮರಕ್ಕೆ ಚೂಪಾದ ಅಂಚು ಎಂಬುದೇ ಇರುವುದಿಲ್ಲ. ಅಂಗೈಯಿಟ್ಟು ಸವರಿದರೆ ಬೆಕ್ಕಿನ ಬೆನ್ನು ಸವರಿದ ಹಾಗಿರುತ್ತದೆ. ಅದಕ್ಕೇ ಅವನಿಗೆ ದುಂಡುಮೂಲೆ ಬಡಗಿ ಎಂದು ಹೆಸರು ಬಿದ್ದಿತ್ತು.

ಮೊದಲಿನಿಂದ ಅವನು ಹಾಗಿರಲಿಲ್ಲ. ಪುಟ್ಟ ಮಗಳು ಆಗಷ್ಟೇ ತಪ್ಪುಹೆಜ್ಜೆ ಇಟ್ಟು ನಡೆಯಲು ಕಲಿಯುತ್ತಿದ್ದಾಗ, ಅವನೇ ಮಾಡಿದ ಮೇಜಿನ ಮೂಲೆ ಅವಳ ಹಣೆಗೆ ತಗುಲಿ ರಕ್ತ ಬಂದಿತ್ತು. ಮಗು ಅತ್ತು ಸುಮ್ಮನಾಯಿತು. ಬಡಗಿ ಸುಮ್ಮನಾಗಲಿಲ್ಲ. ಆ ಸಂಜೆಯೇ ಮನೆಯ ಮರದ ಸಾಮಾನುಗಳ ಮೂಲೆಗಳನ್ನೆಲ್ಲ ಉಜ್ಜಿ ದುಂಡಗೆ ಮಾಡಿದ. ಅಂದಿನಿಂದ ಅವನ ಅಂಗಿ ಜೇಬಿನಲ್ಲಿ ಮರ ಉಜ್ಜುವ ಉಪ್ಪುಕಾಗದದ ಒಂದು ಮಡಿಕೆ ಯಾವಾಗಲೂ ಇರುತ್ತಿತ್ತು. ಮಾತಾಡುತ್ತಾ ಕೂತರೆ ಕೈ ತಾನಾಗಿ ಅದನ್ನು ತೆಗೆದು ಹತ್ತಿರದ ಮರವನ್ನು ಉಜ್ಜತೊಡಗುತ್ತಿತ್ತು. ಒಮ್ಮೆ ಬ್ಯಾಂಕಿನಲ್ಲಿ ಸಾಲಿನಲ್ಲಿ ನಿಂತಿದ್ದಾಗ ಕೌಂಟರಿನ ಅಂಚನ್ನೇ ಉಜ್ಜಿ, ಕಾವಲುಗಾರನಿಂದ ಬೈಸಿಕೊಂಡು ಬಂದಿದ್ದ. ತಾನು ಉಜ್ಜುತ್ತಿದ್ದೇನೆ ಎಂಬುದು ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ನಾವು ಉಸಿರಾಡುವುದು ನಮಗೆ ಗೊತ್ತಾಗುತ್ತದೆಯೇ, ಹಾಗೆ.

ಮಗಳು ಈಗ ಬೇರೆ ಊರಿನಲ್ಲಿ ಗಂಡನ ಮನೆಯಲ್ಲಿದ್ದಾಳೆ, ಅವಳಿಗೂ ಒಬ್ಬ ಮಗಳು. ಹಣೆಯ ಗಾಯದ ಗೆರೆ ಹುಬ್ಬಿನಲ್ಲಿ ಮುಚ್ಚಿಹೋಗಿದೆ. ಆದರೂ ಬಡಗಿಯ ಕೈ ಮಾತ್ರ ಇನ್ನೂ ಅದನ್ನು ಮರೆತಿಲ್ಲ.

ಬಡಗಿಯ ಹೆಂಡತಿ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸದಲ್ಲಿದ್ದಳು. ಆಳೆತ್ತರದ ಹಂಡೆಗಳೊಳಗೆ ಇಳಿದು ತಿಕ್ಕಬೇಕಾದ ಕೆಲಸ ಅದು. ಒಂದು ದಿನ ತಿಕ್ಕುತ್ತಿದ್ದಾಗ ಅವಳ ಮದುವೆಯ ಉಂಗುರ ಟಿಕ್ ಎಂದು ಮುರಿದು ಹಂಡೆಯ ತಳಕ್ಕೆ ಬಿತ್ತು. ಅಂಗೈಯ ಕಡೆ ಸವೆದು ಸವೆದು ಅದು ದಾರದಷ್ಟು ತೆಳುವಾಗಿತ್ತು. ಗಂಡ ಹೆಂಡತಿ ಇಬ್ಬರೂ ಅದನ್ನು ತೆಗೆದುಕೊಂಡು ಅಕ್ಕಸಾಲಿಯ ಅಂಗಡಿಗೆ ಹೋದರು.

ಅಕ್ಕಸಾಲಿ ಹಳೆಯ ಪರಿಚಯದವನು. ಈ ಉಂಗುರ ಮಾಡಿದವನೂ ಅವನೇ. ಆಗ ಬಡಗಿಯ ಕೈಯಲ್ಲಿ ಕಾಸಿರಲಿಲ್ಲ. ಅಕ್ಕಸಾಲಿಯ ಅಂಗಡಿಗೆ ಕಪಾಟು ಇರಲಿಲ್ಲ. ಇವನು ಕಪಾಟು ಮಾಡಿಕೊಟ್ಟ, ಅವನು ಉಂಗುರ ಮಾಡಿಕೊಟ್ಟ. ಆ ಕಪಾಟು ಇನ್ನೂ ಅಂಗಡಿಯ ಮೂಲೆಯಲ್ಲಿ ನಿಂತಿದೆ. ಮಗಳು ಹುಟ್ಟುವ ಮೊದಲು ಮಾಡಿದ್ದರಿಂದ ಅದರ ಅಂಚುಗಳು ಚಾಕುವಿನಂತಿವೆ.

"ಅದನ್ನೊಂದು ಚೂರು ಉಜ್ಜಿಬಿಡ್ಲಾ?" ಬಡಗಿ ಹೋದಾಗಲೆಲ್ಲ ಕೇಳುತ್ತಿದ್ದ.

"ಮುಟ್ಟಿದ್ರೆ ನೋಡು! ಊರಲ್ಲಿ ನೀನು ಮಾಡಿದ ಒಂದೇ ಒಂದು ನೇರ ಮೂಲೆ ಅದು," ಎನ್ನುತ್ತಿದ್ದ ಅಕ್ಕಸಾಲಿ.

ಆ ದಿನ ಅವನು ಕಣ್ಣಿಗೆ ಭೂತಗನ್ನಡಿ ಹಿಡಿದು ಉಂಗುರವನ್ನು ನೋಡಿದ. "ತಂಗಿ, ಇದು ಮುರಿದಿದ್ದಲ್ಲ, ಮುಗಿದಿದ್ದು. ಕೂಡಿಸೋಕೆ ಒಂದು ಗೋಧಿ ಕಾಳಿನಷ್ಟು ಚಿನ್ನ ಸೇರಿಸ್ಬೇಕು."

"ಅಷ್ಟು ಚಿನ್ನ ಎಲ್ಲಿಗೆ ಹೋಯ್ತಣ್ಣ? ನಾನೇನು ತಿಂದೆನಾ?"

"ತಿಕ್ಕಿ ತೊಳೆದೆ. ಮೋರಿಗೆ ಹೋಯ್ತು, ಮೋರಿಯಿಂದ ಹೊಳೆಗೆ ಹೋಯ್ತು. ಬಿಡು, ನನ್ನ ಹತ್ರ ಇದೆ, ಹಾಕಿ ಕೊಡ್ತೀನಿ."

ಬಡಗಿ ಸಾಮಾನ್ಯವಾಗಿ ಮಾತಿಗೆ ಮುಂದಾಗುವವನಲ್ಲ. ಅಂದು ಏನಾಯಿತೋ, ಎದೆ ಸೆಟೆಸಿ ನಿಂತುಬಿಟ್ಟ. "ಬೇಡ. ಹೊಳೆಗೆ ಹೋಗಿದ್ದನ್ನ ಹೊಳೆಯಿಂದಲೇ ತರ್ತೀನಿ. ಬೇರೆ ಚಿನ್ನ ಈ ಉಂಗುರಕ್ಕೆ ಹಾಕ್ಬೇಡ."

ಊರಾಚೆಯ ಹೊಳೆಯ ತಿರುವಿನಲ್ಲಿ ಮರಳು ತೊಳೆದು ಚಿನ್ನದ ಪುಡಿ ಹೆಕ್ಕುವ ಕೆಲವರು ಇದ್ದದ್ದು ನಿಜ. ಬಡಗಿಯ ಹೆಂಡತಿಯ ತಮ್ಮ, ಲಾರಿ ಡ್ರೈವರ್, ರಜೆ ಸಿಕ್ಕಾಗಲೆಲ್ಲ ಅಲ್ಲೇ ಬಿದ್ದಿರುತ್ತಿದ್ದ. ಆದರೆ ಬಡಗಿ ಮೀನು ನೋಡುವುದಕ್ಕೂ ಹೊಳೆಗೆ ಇಳಿದವನಲ್ಲ.

ಮನೆಗೆ ಬರುವ ದಾರಿಯಲ್ಲಿ ಹೆಂಡತಿ ಹೇಳಿದಳು: "ಮಳೆ ಶುರುವಾಗೋವರೆಗೆ ಕಾಯ್ತೀನಿ. ಹೊಳೆ ತುಂಬಿದ್ಮೇಲೂ ಇದು ಹೀಗೇ ಇದ್ರೆ, ಕರಗಿಸಿ ಮೊಮ್ಮಗಳಿಗೆ ಓಲೆ ಮಾಡಿಸ್ತೀನಿ. ಮುರಿದ ಉಂಗುರ ಬೆಂಕಿಪೊಟ್ಟಣದಲ್ಲಿ ಮಲಗಿರೋದು ನೋಡೋಕೆ ನನಗಾಗಲ್ಲ."

ಅವಳು ಸಿಟ್ಟಿನಿಂದ ಹೇಳಿರಲಿಲ್ಲ. ಅದಕ್ಕೇ ಆ ಮಾತು ಬಡಗಿಗೆ ನಾಟಿತು. ಅವನ ಹತ್ತಿರ ಏನೂ ಇಲ್ಲದ ಕಾಲದಲ್ಲಿ ಅವಳು ಅವನನ್ನು ಒಪ್ಪಿಕೊಂಡಿದ್ದಳು ಎಂಬುದಕ್ಕೆ ಉಳಿದಿದ್ದ ಒಂದೇ ಗುರುತು ಆ ಉಂಗುರ.

ಮರುದಿನವೇ ಅವನು ಮರಳು ತೊಳೆಯುವ ಪೆಟ್ಟಿಗೆ ಮಾಡಲು ಕೂತ. ಡ್ರೈವರನ ಪೆಟ್ಟಿಗೆಯನ್ನು ಒಮ್ಮೆ ನೋಡಿ ಬಂದಿದ್ದ. ಹಳೆಯ ಬಾಗಿಲಿನ ಹಲಗೆ, ತುಕ್ಕು ಹಿಡಿದ ಮೊಳೆ, ನೋಡಿದರೆ ಕೋಳಿಗೂಡು. ಉದ್ದಕ್ಕೆ, ಎರಡೂ ತುದಿ ತೆರೆದ, ಮುಚ್ಚಳವಿಲ್ಲದ ಪೆಟ್ಟಿಗೆ ಅದು. ಅದರ ತಳದಲ್ಲಿ ಅಡ್ಡಡ್ಡ ಪಟ್ಟಿಗಳು. ಹರಿಯುವ ನೀರಿನಲ್ಲಿಟ್ಟು ಮೇಲ್ತುದಿಯಿಂದ ಮರಳು ಸುರಿದರೆ, ನೀರು ಹಗುರವಾದದ್ದನ್ನು ಹೊತ್ತುಕೊಂಡು ಹೋಗುತ್ತದೆ, ಭಾರವಾದದ್ದು ಪಟ್ಟಿಗಳ ಹಿಂದೆ ಕೂರುತ್ತದೆ. ಲೋಕದಲ್ಲಿ ಚಿನ್ನದಷ್ಟು ಭಾರವಾದದ್ದು ಕಡಿಮೆ. ಇಷ್ಟೇ ಅದರ ವಿದ್ಯೆ.

ಬಡಗಿ ಅಂಥದ್ದನ್ನು ಮಾಡುವವನೇ? ಸಾಗುವಾನಿ ಹಲಗೆ ಆರಿಸಿದ. ಉಜ್ಜುಗೊರಡು ಹಾಕಿದ. ಮೊಳೆ ಹೊಡೆಯದೆ ಮರಕ್ಕೆ ಮರ ಕಚ್ಚಿಸಿ ಕೂಡಿಸಿದ. ಒಳಗೂ ಹೊರಗೂ ವಾರ್ನಿಷ್ ಬಳಿದ. ಹೊಳೆಗೆ ಹೊತ್ತುಕೊಂಡು ಹೋದಾಗ ಡ್ರೈವರ್ ಸೊಂಟದವರೆಗಿನ ನೀರಿನಲ್ಲಿ ನಿಂತು ಕಣ್ಣರಳಿಸಿದ.

"ಭಾವ, ಇದರಲ್ಲಿ ಮರಳು ಹಾಕೋದಾ, ಇಲ್ಲ ಮಗು ಮಲಗಿಸೋದಾ?"

"ನೀನು ಸುಮ್ನೆ ಜಾಗ ತೋರಿಸು."

ಬಡಗಿ ನೀರಿಗಿಳಿದು ಪೆಟ್ಟಿಗೆಯ ಕೆಳಗೆ ಕಲ್ಲು ಜೋಡಿಸಿದ. ಚೀಲದಿಂದ ರಸಮಟ್ಟ ತೆಗೆದು ಪೆಟ್ಟಿಗೆಯ ಅಂಚಿನ ಮೇಲಿಟ್ಟ. ಗುಳ್ಳೆ ಸರಿಯಾಗಿ ನಡುವೆ ನಿಲ್ಲುವವರೆಗೆ ಒಂದೊಂದೇ ಕಲ್ಲು ಸರಿಸಿದ. ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಭಾವ, ಹೊಳೆಗೆ ಊಟದ ಮೇಜು ಹಾಕ್ತಿದ್ದೀರಾ? ಮಟ್ಟವಾಗಿಟ್ರೆ ನೀರಿಗೆ ದಾರಿ ಯಾರು ತೋರಿಸ್ತಾರೆ?"

ನಿಜ, ಮರಳು ಅಲ್ಲೇ ದಿಬ್ಬವಾಗಿ ಕೂತಿತು. ಬಡಗಿ ಸೋತವನಂತೆ ಮೇಲ್ತುದಿಯನ್ನು ಎತ್ತಿದ. ಎತ್ತಿದ್ದು ಹೆಚ್ಚಾಗಿ, ಮರಳು, ಕಲ್ಲು, ಅವನ ಒಂದು ಕಾಲಿನ ಚಪ್ಪಲಿ ಎಲ್ಲವೂ ಜಾರಿ ಹೊಳೆಯ ಪಾಲಾದವು. ಕೊನೆಗೆ ಡ್ರೈವರೇ ಬೆರಳಿಟ್ಟು ಅಳೆದು ತೋರಿಸಿದ: ಮೊಳ ಉದ್ದಕ್ಕೆ ಎರಡು ಬೆರಳು ಇಳಿಜಾರು. ನೀರು ಪಟ್ಟಿಗಳ ಮೇಲೆ ಸದ್ದಿಲ್ಲದೆ, ಎಣ್ಣೆ ಹಚ್ಚಿ ಬಾಚಿದ ಕೂದಲಿನಂತೆ ಹರಿಯತೊಡಗಿತು. ನೋಡಲು ಎಷ್ಟು ಚೆಂದ! ಬಡಗಿಗೆ ಕಣ್ಣು ತುಂಬಿತು.

ಸಂಜೆ ಪಟ್ಟಿಗಳನ್ನು ಬಿಚ್ಚಿ, ಕೂತದ್ದನ್ನು ತಟ್ಟೆಗೆ ಬಳಿದು, ಕಾಳು ಜಾಲಿಸುವ ಹಾಗೆ ನೀರಿನಲ್ಲಿ ಜಾಲಿಸಿದರೆ ಏನೂ ಇಲ್ಲ. ಪಕ್ಕದಲ್ಲಿ ಡ್ರೈವರನ ಕೋಳಿಗೂಡಿನಲ್ಲಿ ಕಪ್ಪು ಮರಳಿನ ಅಂಚಿಗೆ ಒಂದೆರಡು ಹಳದಿ ಚುಕ್ಕೆ ಮಿನುಗುತ್ತಿದ್ದವು.

"ತಗೊಳ್ಳಿ ಭಾವ, ಇದನ್ನೇ ಅಕ್ಕಂಗೆ ಕೊಡಿ. ಅದೇ ಹೊಳೇದೇ ತಾನೆ?"

"ನಿನ್ನ ಪೆಟ್ಟಿಗೆಗೆ ಬಂದದ್ದು ನಿಂದು. ನಿಮ್ಮಕ್ಕಂದು ನನ್ನ ಪೆಟ್ಟಿಗೆಗೆ ಬರ್ಬೇಕು."

"ಚಿನ್ನದ ಮೇಲೆ ವಿಳಾಸ ಬರೆದಿರತ್ತಾ?"

ಬಡಗಿ ಪೆಟ್ಟಿಗೆಯನ್ನು ಹೆಗಲಿಗೇರಿಸಿದ. ಮನೆಗೆ ಹೋಗಿ ಪಟ್ಟಿಗಳನ್ನು ಎತ್ತರ ಮಾಡಿದ, ಒಂದೊಂದನ್ನೂ ಉಜ್ಜಿ ನುಣುಪು ಮಾಡಿ ಹಾಕಿದ. ಏನೂ ಸಿಗಲಿಲ್ಲ. ಪಟ್ಟಿಗಳನ್ನು ಒತ್ತೊತ್ತಾಗಿ ಜೋಡಿಸಿದ, ಅವನ್ನೂ ಉಜ್ಜಿದ. ಸಿಗಲಿಲ್ಲ. ಪೆಟ್ಟಿಗೆಯನ್ನು ಅಗಲ ಮಾಡಿದ, ಜಾಗ ಬದಲಿಸಿದ, ತಿರುವಿನ ಒಳಮೈಯಿಂದ ಮರಳು ತಂದು ಸುರಿದ. ಬೆಳಿಗ್ಗೆ ಮರಗೆಲಸ, ಮಧ್ಯಾಹ್ನದ ಮೇಲೆ ಹೊಳೆ. ಅಂಗಡಿಗೆ ಬಂದವರು ಅರ್ಧ ಮುಗಿದ ಕುರ್ಚಿಗಳನ್ನು ನೋಡಿ ವಾಪಸ್ಸು ಹೋದರು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು ಅವನ ಕೆಲಸ.

"ಈ ಹೊಳೆಯಲ್ಲೇ ಏನೋ ದೋಷ ಇದೆ," ಎಂದ ಒಂದು ಸಂಜೆ, ಕಾಲು ಒರೆಸಿಕೊಳ್ಳುತ್ತಾ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದಳು ಹೆಂಡತಿ. ಆದರೆ ಅವನ ನೆನೆದು ಸುಕ್ಕುಗಟ್ಟಿದ ಪಾದಗಳನ್ನು ನೋಡಿ ಮುಂದೆ ಹಂಗಿಸಲಿಲ್ಲ. ಬಿಸಿನೀರು ತಂದಿಟ್ಟಳು. ಹೊರಗೆ ಗಾಳಿ ತಿರುಗಿತ್ತು. ಬೆಟ್ಟದ ಕಡೆ ಮೋಡ ಕಟ್ಟುತ್ತಿದ್ದದ್ದನ್ನು ಇಬ್ಬರೂ ನೋಡಿದರು, ಇಬ್ಬರೂ ಆ ಮಾತು ಎತ್ತಲಿಲ್ಲ.

ತನ್ನ ರಜೆಯ ದಿನ ಅವಳು ಬುತ್ತಿ ಕಟ್ಟಿಕೊಂಡು ತಾನೇ ಹೊಳೆಗೆ ಬಂದಳು. ಅವಳು ಬಂದಾಗ ಡ್ರೈವರ್ ಒಂದು ಪರೀಕ್ಷೆ ನಡೆಸುತ್ತಿದ್ದ. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡನ್ನು ಚೂರು ಚೂರು ಮಾಡಿ, ಗುರುತು ಸಿಗಲಿ ಎಂದು ಕೆಂಪು ಬಣ್ಣ ಬಳಿದಿದ್ದ. ಸೀಸವೂ ಭಾರ, ಅದು ನಿಂತರೆ ಚಿನ್ನ ನಿಂತೀತು. ಮೇಲ್ತುದಿಯಲ್ಲಿ ಹಾಕಿದ ಕೆಂಪು ಚೂರುಗಳು ಒಂದು ಪಟ್ಟಿ ಏರಿದವು, ಇಳಿದವು, ಇನ್ನೊಂದು ಏರಿದವು, ಇಳಿದವು, ಮಕ್ಕಳು ಜಾರುಬಂಡೆ ಆಡುವಂತೆ ಸಾಲಾಗಿ ಹೊರಗೆ ಬಂದು ಅವನ ಅಂಗೈಗೆ ಬಿದ್ದವು.

"ಒಂದೂ ನಿಲ್ಲಲ್ಲ ಭಾವ!"

ಡ್ರೈವರಿಗೂ ಕಾರಣ ಹೊಳೆಯಲಿಲ್ಲ. ಅವನ ಮನೆಯ ಮಂಚ, ಕುರ್ಚಿಗಳೂ ಭಾವನೇ ಮಾಡಿದವು. ಭಾವ ಮುಟ್ಟಿದ ಮರ ಎಂದರೆ ನುಣುಪಾಗಿಯೇ ಇರುತ್ತದೆ ಎಂದುಕೊಂಡಿದ್ದ.

ಬಡಗಿಯ ಹೆಂಡತಿ ಸೆರಗು ಎತ್ತಿ ಕಟ್ಟಿ ನೀರಿಗಿಳಿದಳು. ಪೆಟ್ಟಿಗೆಯೊಳಗೆ ಕೈಯಿಟ್ಟು, ಪಾತ್ರೆಯಲ್ಲಿ ಜಿಡ್ಡು ಉಳಿದಿದೆಯೇ ಎಂದು ನೋಡುವ ಹಾಗೆ, ಪಟ್ಟಿಯ ಮೇಲೆ ಬೆರಳು ಎಳೆದಳು. ಇನ್ನೊಂದು ಪಟ್ಟಿಯ ಮೇಲೆ ಎಳೆದಳು. ಆಮೇಲೆ ಗಂಡನ ಮುಖ ನೋಡಿದಳು.

"ಏನ್ರೀ, ಇದಕ್ಕೂ ಉಪ್ಪುಕಾಗದ ಹಾಕಿದ್ದೀರಾ?"

"ಎಲ್ಲಿ? ಇಲ್ವಲ್ಲ..." ಎಂದ ಬಡಗಿ. ಹಾಗೆನ್ನುವಾಗಲೇ ಅವನ ಬಲಗೈ ಉಪ್ಪುಕಾಗದದ ಮಡಿಕೆಯಿಂದ ಪೆಟ್ಟಿಗೆಯ ಅಂಚನ್ನು ಸಣ್ಣಗೆ ಉಜ್ಜುತ್ತಿತ್ತು. ಮೂವರೂ ಆ ಕೈಯನ್ನೇ ನೋಡಿದರು. ಅವನೂ ನೋಡಿದ, ಯಾರದೋ ಕೈ ನೋಡುವ ಹಾಗೆ.

ಡ್ರೈವರ್ ನಗು ತಡೆಯಲಾಗದೆ ನೀರಿನಲ್ಲೇ ಕುಸಿದು ಕೂತ. "ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ! ಭಾವ, ನೀವು ಚಿನ್ನಕ್ಕೆ ಕಾಲು ಎಡವದ ಹಾಗೆ ದಾರಿ ಮಾಡಿಕೊಟ್ಟಿದ್ದೀರಿ!"

ಹೆಂಡತಿ ನಗಲಿಲ್ಲ. ತಮ್ಮನಿಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತಿತ್ತು. ಅಂದು ಮಗುವಿನ ಹಣೆಗೆ ಬಟ್ಟೆ ಒತ್ತಿ ಹಿಡಿದವಳು ಅವಳು, ಆ ಸಂಜೆಯಿಡೀ ಮನೆಯಲ್ಲಿ ಮರ ಉಜ್ಜುವ ಸದ್ದು ಕೇಳಿದವಳೂ ಅವಳೇ. ಗಂಡನ ಹತ್ತಿರ ಬಂದು ಮೆತ್ತಗೆ ಕೇಳಿದಳು: "ಇಲ್ಲಿ ಯಾವ ಮಗು ತಲೆ ಹೊಡ್ಕೊಳುತ್ತೆ ರೀ?"

ಬಡಗಿಯ ಕೈ ಉಜ್ಜುವುದನ್ನು ನಿಲ್ಲಿಸಿತು. ಅವಳು ಅವನ ಬೆರಳುಗಳ ನಡುವಿನಿಂದ ಕಾಗದದ ಮಡಿಕೆಯನ್ನು ಬಿಡಿಸಿಕೊಂಡು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ದಡದ ಮರದ ಕೆಳಗೆ ಕೂತು ಅವನು ಪಟ್ಟಿಗಳನ್ನು ಹೊಸದಾಗಿ ಕೆತ್ತಿದ. ಈ ಸಲ ಉಳಿಯಿಂದ ಅಂಚುಗಳನ್ನು ನೇರವಾಗಿ ಕತ್ತರಿಸಿದ. ಪಟ್ಟಿಯ ಮೇಲಂಚು ನೀರು ಹೋಗುವ ಕಡೆಗೆ ಸೂರಿನಂತೆ ಒಂದಿಷ್ಟು ಚಾಚಿರುವಂತೆ ಮಾಡಿದ. ನೀರು ಆ ಚೂಪನ್ನು ಹಾರಿ ಅದರ ಹಿಂದೆ ಸುಳಿ ತಿರುಗಬೇಕು, ಸುಳಿಯಲ್ಲಿ ಭಾರವಾದದ್ದು ಕೂರಬೇಕು. ಇದು ಅವನಿಗೆ ಅರ್ಥವಾಗದ್ದೇನಲ್ಲ, ಕೈಗೆ ಮಾತ್ರ ಒಪ್ಪಿಗೆಯಾಗುತ್ತಿರಲಿಲ್ಲ. ಒಂದೊಂದು ಪಟ್ಟಿ ಮುಗಿದಾಗಲೂ ಕೈ ಜೇಬಿಗೆ ಹೋಗುತ್ತಿತ್ತು, ಖಾಲಿ ಜೇಬು ತಡಕಿ ಹೊರಗೆ ಬರುತ್ತಿತ್ತು. ಹೆಂಡತಿ ನೋಡಿಯೂ ನೋಡದವಳಂತೆ ಪೆಟ್ಟಿಗೆಯನ್ನು ಸೋಪಿನ ಪುಡಿ ಹಾಕಿ ಗಸಗಸ ತಿಕ್ಕುತ್ತಿದ್ದಳು. "ವಾರ್ನಿಷ್ ಜಿಡ್ಡಿದು. ಜಿಡ್ಡಿದ್ರೆ ಸಣ್ಣ ಪುಡಿ ಎಲ್ಲ ತೇಲಿಹೋಗತ್ತೆ. ದಿನಾ ನೋಡೋಳಿಗೆ ನನಗೆ ಗೊತ್ತಿಲ್ವಾ?"

ಮರುದಿನ ಅವಳು ಮನೆಬಾಗಿಲಲ್ಲಿದ್ದ ಕಾಲೊರೆಸುವ ಒರಟು ಮ್ಯಾಟನ್ನು ಕೊಡವಿ ಕೊಟ್ಟಳು. "ಇದನ್ನ ಪಟ್ಟಿ ಕೆಳಗೆ ಹಾಸಿ. ನಿಮ್ಮ ಮರದ ಪುಡಿ ಇಷ್ಟು ವರ್ಷ ಒಂದು ಚೂರೂ ಒಳಗೆ ಬಿಟ್ಟಿಲ್ಲ ಇದು, ಚಿನ್ನ ಬಿಡತ್ತಾ?"

ಅಂದು ನೀರು ಪೆಟ್ಟಿಗೆಯಲ್ಲಿ ಸುಮ್ಮನೆ ಹರಿಯಲಿಲ್ಲ. ಪ್ರತಿ ಪಟ್ಟಿಯ ಬಳಿಯೂ ಎಡವಿತು, ಗೊಣಗಿತು. ಡ್ರೈವರ್ ಕೆಂಪು ಚೂರುಗಳನ್ನು ಹಾಕಿ ಕೆಳತುದಿಯಲ್ಲಿ ಅಂಗೈಯೊಡ್ಡಿ ಕಾದ. ಒಂದೂ ಬರಲಿಲ್ಲ. ಎಲ್ಲವೂ ಮೊದಲ ಪಟ್ಟಿಗಳ ಹಿಂದೆಯೇ ಅಡಗಿ ಕೂತಿದ್ದವು.

ಆಮೇಲೆ ಉಳಿದದ್ದು ಮೋಡದ ಜೊತೆಗಿನ ಓಟ. ಬಡಗಿ ಬೆಳಗಿನ ಮರಗೆಲಸವನ್ನೂ ಬಿಟ್ಟು ಹೊಳೆಯಲ್ಲಿ ನಿಂತ. ದೊಡ್ಡ ಕಲ್ಲು ಹೆಕ್ಕಿ, ಮರಳು ಜರಡಿ ಹಿಡಿದು, ಒಂದೊಂದೇ ಸಲಿಕೆ ಸುರಿದ. ಸಂಜೆಗೊಮ್ಮೆ ಮ್ಯಾಟನ್ನು ಬಕೆಟ್ಟಿನಲ್ಲಿ ಜಾಲಾಡಿ, ತಳದಲ್ಲಿ ಉಳಿದ ಕಪ್ಪು ಮರಳನ್ನು ತಟ್ಟೆಗೆ ಹಾಕಿದರೆ, ಅಂಚಿನಲ್ಲಿ ಹಳದಿ ಕಣ. ಮೊದಲ ಕಣ ಕಂಡಾಗ ಅವನು ಕೂಗಲಿಲ್ಲ. ಬೆರಳ ತುದಿಗೆ ಅಂಟಿಸಿಕೊಂಡು, ಗಾಳಿಗೆ ಹಾರೀತೆಂದು ಉಸಿರು ಬಿಗಿಹಿಡಿದು, ಅದನ್ನು ಔಷಧಿಯ ಸಣ್ಣ ಬಾಟಲಿಯ ನೀರಿಗೆ ಇಳಿಸಿದ.

ಕೊನೆಯ ದಿನ ಮಧ್ಯಾಹ್ನ, ಮೇಲಿನಿಂದ ಬರುತ್ತಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಗಾಯಿತು. ಬೆಟ್ಟದಲ್ಲಿ ಮಳೆ ಬಿದ್ದಿತ್ತು. "ಭಾವ, ಎತ್ತಿ! ಪೆಟ್ಟಿಗೆ ಎತ್ತಿ!" ಎಂದು ಡ್ರೈವರ್ ಕಿರುಚಿದ. ಇಬ್ಬರೂ ಸೇರಿ ಪೆಟ್ಟಿಗೆಯನ್ನು ದಡಕ್ಕೆ ಎಳೆದು ಹಾಕುವಷ್ಟರಲ್ಲಿ, ಅದರ ಕೆಳಗಿದ್ದ ಕಲ್ಲುಗಳು ಕಾಣದಾದವು. ಚೂಪು ಪಟ್ಟಿಗೆ ತಗುಲಿ ಬಡಗಿಯ ಹೆಬ್ಬೆರಳು ಕೊಯ್ದಿತ್ತು. ಅವನು ರಕ್ತವನ್ನು ನೋಡಿದ, ಪಟ್ಟಿಯನ್ನು ನೋಡಿದ, ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡ.

ಅಕ್ಕಸಾಲಿ ಬಾಟಲಿಯನ್ನು ಬೆಳಕಿಗೆ ಹಿಡಿದು, ಸೋಸಿ, ಒಣಗಿಸಿ, ಕರಗಿಸಿದ. ಒಂದು ಪುಟ್ಟ ಮಣಿಯಾಯಿತು. ಗಂಡ ಹೆಂಡತಿ ಇಬ್ಬರೂ ಬಗ್ಗಿ ನೋಡಿದರು.

"ಗೋಧಿ ಕಾಳಾಗಲಿಲ್ಲ," ಎಂದ ಅಕ್ಕಸಾಲಿ. "ಎಳ್ಳಿಗಿಂತ ದಪ್ಪ, ಅಕ್ಕಿಗಿಂತ ಸಣ್ಣ."

ಬಡಗಿಯ ಮುಖ ಬಾಡಿತು. "ಕೂಡಲ್ವಾ?"

"ಕೂಡತ್ತೆ. ಆದರೆ ಸವೆದ ಭಾಗ ಕತ್ತರಿಸಿ, ಸುತ್ತು ಚಿಕ್ಕದು ಮಾಡಿ ಕೂಡಿಸ್ಬೇಕು. ಈ ಬೆರಳಿಗೆ ಆಗಲ್ಲ, ಕಿರುಬೆರಳಿಗೆ ಆಗತ್ತೆ. ಏನಂತೀಯ ತಂಗಿ? ಇಲ್ಲ, ಓಲೆಗೇ ಹಾಕ್ಲಾ?"

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಕಿರುಬೆರಳೇನು ಪರರದ್ದಾ ಅಣ್ಣ? ಅದೂ ನಂದೇ. ಮಾಡಿ."

ಉಂಗುರ ಕೈಗೆ ಬಂದಾಗ ಕೂಡಿಸಿದ ಜಾಗ ಬೇರೆಯಾಗಿಯೇ ಕಾಣುತ್ತಿತ್ತು. ಹೊಳೆಯ ಚಿನ್ನ ಸ್ವಲ್ಪ ತಿಳಿ ಬಣ್ಣದ್ದು. ಮುಟ್ಟಿದರೆ ಕಂಡೂ ಕಾಣದ ಒಂದು ಏಣು, ಸಣ್ಣ ಉಬ್ಬು. ಬಡಗಿಯ ಹೆಬ್ಬೆರಳು ನೇರವಾಗಿ ಅಲ್ಲಿಗೇ ಹೋಯಿತು.

"ಇಲ್ಲೊಂದು ಚೂರು ನುಣುಪು ಮಾಡಿಬಿಡು," ಎಂದ.

"ಅರ ಹಾಕಿ ಉಜ್ಜಿದ್ರೆ ನೀನು ತಂದ ಚಿನ್ನ ಅಲ್ಲೇ ಪುಡಿಯಾಗಿ ನನ್ನ ಮೇಜಿನ ಮೇಲೆ ಉದುರತ್ತೆ. ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅಂತಾರೆ ಜನ. ತಂಗಿ ಚಿನ್ನಾನೂ ಬಿಡಲಿಲ್ಲ ಅನ್ನಿಸ್ಬೇಡ."

"ಇರಲಿ ಬಿಡಿ ಅಣ್ಣ, ಹಾಗೇ ಇರಲಿ," ಎಂದು ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಹೊರಡುವಾಗ ಬಡಗಿ ಹಳೆಯ ಕಪಾಟಿನತ್ತ ಒಮ್ಮೆ ತಿರುಗಿ ನೋಡಿದ. ಉಜ್ಜಲೇ ಎಂದು ಮಾತ್ರ ಅಂದು ಕೇಳಲಿಲ್ಲ.

ಮಳೆಗಾಲ ಹಿಡಿದುಕೊಂಡಿತು. ಪೆಟ್ಟಿಗೆಯನ್ನು ಬಡಗಿ ಹಿತ್ತಲ ಗೋಡೆಯ ಮೇಲೆ ಎತ್ತರಕ್ಕೆ ನೇತುಹಾಕಿದ. ಮಗಳು ಮೊಮ್ಮಗಳನ್ನು ಕರೆದುಕೊಂಡು ಬರುತ್ತಾಳೆ ಎಂದು ಸುದ್ದಿ ಬಂದ ದಿನ, ಬಟ್ಟೆ ಒಣಹಾಕಲು ಹೋದ ಹೆಂಡತಿ ತಲೆಯೆತ್ತಿ ನೋಡುತ್ತಾಳೆ: ಪೆಟ್ಟಿಗೆಯ ಹೊರಮೂಲೆಗಳೆಲ್ಲ ಮೊದಲಿಗಿಂತಲೂ ದುಂಡಗೆ, ಬೆಣ್ಣೆಯಂತಾಗಿವೆ. ಒಳಗಿನ ಪಟ್ಟಿಗಳನ್ನು ಮಾತ್ರ ಉಜ್ಜಿಲ್ಲ. ಒಂದೊಂದಕ್ಕೂ ಹಳೆಯ ಪಂಚೆಯ ತುಂಡು ಸುತ್ತಿ ದಾರ ಬಿಗಿದಿದೆ.

"ಏನ್ರೀ ಇದು?"

ಬಡಗಿ ಸಿಕ್ಕಿಬಿದ್ದವನಂತೆ ನಿಂತ. "ಮಗು ಬರ್ತಾ ಇದೆಯಲ್ಲ."

"ಅಷ್ಟು ಮೇಲಕ್ಕೆ ಅವಳ ತಲೆ ಎಲ್ಲಿ ತಾಗತ್ತೆ?"

"ಬೆಳೀತಾಳಲ್ಲ," ಎಂದ ಬಡಗಿ.

ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿ ಒದ್ದೆ ಕೈ ಒರೆಸಿಕೊಂಡಳು. ಒಳಗೆ ಹೋಗಿ, ಡಬ್ಬಿಯಲ್ಲಿ ಎತ್ತಿಟ್ಟಿದ್ದ ಉಪ್ಪುಕಾಗದದ ಹಳೆಯ ಮಡಿಕೆಯನ್ನು ತಂದು ಅವನ ಜೇಬಿನಲ್ಲಿ ಇಟ್ಟಳು. ಜೇಬಿನ ಅಂಚಿಗೆ ಕಿರುಬೆರಳಿನ ಉಂಗುರದ ಏಣು ಒಂದು ಗಳಿಗೆ ಸಿಕ್ಕಿಕೊಂಡಿತು. ಬಡಗಿ ಅದನ್ನು ಮೆಲ್ಲಗೆ ಬಿಡಿಸಿದ.